ಬೇಲಿ ನಿಮ್ಮದೇ ಇರಲಿ, ಅದರಡಿ ಒಂದು ಪೈಪಿಗೆ ದಾರಿ ಕೊಡಿ

ಸೇನೆಯ ಭೂಮಿಯ ಹೊಣೆ ಹೊತ್ತಿರುವ ಹಿರಿಯ ಅಧಿಕಾರಿಗಳಿಗೆ ಶಿವಮೊಗ್ಗದ ಮಾಜಿ ಸೈನಿಕನೊಬ್ಬನ ಬಹಿರಂಗ ಪತ್ರ

ಮಾನ್ಯರೇ,

ನಾನು ಸೇನೆಯ ಎಂಜಿನಿಯರ್ ದಳದಲ್ಲಿ 24 ವರ್ಷ ದುಡಿದು ಹವಾಲ್ದಾರನಾಗಿ ನಿವೃತ್ತನಾದವನು. ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಸೀಮೆಯ ಹಳ್ಳಿಯೊಂದರಲ್ಲಿ. ಪಿಂಚಣಿಯ ಜೊತೆ ಬಂದ ದುಡ್ಡಿನಲ್ಲಿ ಮನೆ ಕಟ್ಟಿಕೊಂಡದ್ದು ಶಿವಮೊಗ್ಗದ ಅಂಚಿನ ಒಂದು ಬಡಾವಣೆಯಲ್ಲಿ. ಇದೇ ವಿಷಯವನ್ನು ಎರಡು ಸಲ ಲಕೋಟೆಯಲ್ಲಿಟ್ಟು, ರಿಜಿಸ್ಟರ್ ಮಾಡಿ ಕಳಿಸಿದ್ದೆ. ಮುಟ್ಟಿದ್ದಕ್ಕೆ ರಸೀದಿ ಬಂತು, ಉತ್ತರ ಬರಲಿಲ್ಲ. ಅದಕ್ಕೇ ಈಗ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ. ಬಡಾವಣೆಯ ಹೆಸರಾಗಲಿ, ಯಾವ ಕಚೇರಿಯ ಹೆಸರಾಗಲಿ ಇಲ್ಲಿ ಬರೆಯುವುದಿಲ್ಲ. ಯಾರನ್ನೋ ಕಟಕಟೆಯಲ್ಲಿ ನಿಲ್ಲಿಸಿ ನನಗೆ ಆಗಬೇಕಾದ್ದು ಏನೂ ಇಲ್ಲ. ಕೆಲಸ ಆಗಬೇಕು, ಅಷ್ಟೇ.

ನಮ್ಮ ಬಡಾವಣೆಯ ಯುಜಿಡಿ, ಅಂದರೆ ಒಳಚರಂಡಿಯ ಪೈಪು ಒಂದು ತಂತಿಬೇಲಿಯವರೆಗೆ ಬಂದು ನಿಂತುಹೋಗಿದೆ. ಬೇಲಿಯ ಮೇಲೆ ತುಕ್ಕು ಹಿಡಿದ ತಗಡಿನ ಬೋರ್ಡು: ಇದು ಸೇನೆಯ ಜಾಗ, ಒಳಗೆ ಬರಬೇಡಿ. ಒಳಗೆ ಕಟ್ಟಡವಿಲ್ಲ, ಗೋದಾಮಿಲ್ಲ, ಕಾವಲಿನವರೂ ಇಲ್ಲ. ಲಂಟಾನ ಪೊದೆ, ನಾಲ್ಕು ಹಳೆಯ ಹೊಂಗೆ ಮರ, ಮಧ್ಯೆ ದನಗಳು ಮೇಯ್ದು ಮಾಡಿದ ಕಾಲುದಾರಿ. ಈ ಜಾಗದ ಆಚೆಯ ತಗ್ಗಿನಲ್ಲಿ ಊರಿನ ದೊಡ್ಡ ಕೊಳವೆ ಹಾದುಹೋಗಿದೆ. ನಮ್ಮ ಪೈಪು ಅಲ್ಲಿಗೆ ಹೋಗಿ ಸೇರಬೇಕಿತ್ತು. ನಡುವಿನ ದೂರ ನನ್ನ ಹೆಜ್ಜೆಯಲ್ಲಿ 210.

ಆ ಬೇಲಿಯ ಬುಡದಲ್ಲಿ ಕೊನೆಯ ಛೇಂಬರ್, ಅಂದರೆ ಪೈಪುಗಳು ಸೇರುವ ಮುಚ್ಚಳದ ಗುಂಡಿ, ಇದೆ. ಹಾರೆ ಹಾಕಿ ಮುಚ್ಚಳ ಎತ್ತಿದರೆ ಒಳಗೆ ಎರಡು ಬಾಯಿ ಕಾಣುತ್ತವೆ. ಒಂದು ನಮ್ಮ ಮನೆಗಳ ಕಡೆಯಿಂದ ಬಂದದ್ದು. ಇನ್ನೊಂದು ನಿಮ್ಮ ಜಾಗದ ಕಡೆಗೆ ಮುಖ ಮಾಡಿದ್ದು, ಅದಕ್ಕೆ ಇಟ್ಟಿಗೆ ಇಟ್ಟು ಸಿಮೆಂಟು ಮೆತ್ತಿದ್ದಾರೆ. ಬೇಸಿಗೆಯಲ್ಲಿ ನೀರು ಆ ಇಟ್ಟಿಗೆಯ ಅರ್ಧಕ್ಕೆ ನಿಂತಿರುತ್ತದೆ. ಮೃಗಶಿರಾ ಮಳೆ ಬಂದರೆ ಮುಚ್ಚಳದ ಅಂಚಿನಲ್ಲಿ ಗುಳ್ಳೆ ಏಳಲು ಶುರು. ಆರಿದ್ರಾ ಹಿಡಿದುಕೊಂಡ ಮೇಲೆ ಮುಚ್ಚಳವೇ ಅಲುಗಾಡುತ್ತದೆ. ಆಮೇಲೆ ಕಪ್ಪು ನೀರು ರಸ್ತೆಗೆ ಬಂದು, ಪಕ್ಕದ ಮಳೆನೀರಿನ ಚರಂಡಿಗೆ ಇಳಿದು, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ತುಂಗೆಗೆ ಹೋಗುತ್ತದೆ.

ಆ ಛೇಂಬರಿನ ಎದುರು ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಅವರ ಬಾವಿ ರಸ್ತೆಯಿಂದ ಹನ್ನೆರಡು ಅಡಿ ಒಳಗೆ. ಮಲೆನಾಡಿನ ಮನೆಗೆ ಬಾವಿ ಎಂದರೆ ಏನು ಎಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ನಲ್ಲಿ ಬಂದ ಮೇಲೂ ಕುಡಿಯಲು, ದೇವರ ಕೋಣೆಗೆ, ಉಪ್ಪಿನಕಾಯಿಗೆ ಬಾವಿಯ ನೀರೇ ಆಗಬೇಕು. ಹೋದ ಮಳೆಗಾಲದ ಒಂದು ಬೆಳಿಗ್ಗೆ ಅವರು ಕೊಡಪಾನ ಎಳೆದು, ನೀರನ್ನು ಮೂಸಿ, ಒಂದು ಮಾತೂ ಆಡದೆ ಅಂಗಳದ ದಾಸವಾಳದ ಬುಡಕ್ಕೆ ಸುರಿದರು. ಹಗ್ಗವನ್ನು ಸುತ್ತಿ ರಾಟೆಯ ಮೇಲೆ ಹಾಕಿಟ್ಟರು. ಆ ಹಗ್ಗ ಇವತ್ತಿಗೂ ಹಾಗೇ ಇದೆ. ನಾನು ಆ ಹೊತ್ತಿಗೆ ಹಾಲಿಗೆಂದು ಹೊರಟವನು ಗೇಟಿನಲ್ಲಿ ನಿಂತಿದ್ದೆ. "ನೀವು ಮಿಲ್ಟ್ರಿಯಲ್ಲಿ ಇದ್ದವರಲ್ವ ಮಾರಾಯ್ರೇ, ಒಂದು ಮಾತು ಕೇಳಬಾರದಾ?" ಎಂದರು. ಈ ಪತ್ರದ ಮೂಲ ಆ ಮಾತು.

ಕೇಳುವ ಮೊದಲು ನಮ್ಮ ಕಡೆಯ ತಪ್ಪನ್ನೂ ಹೇಳಿಬಿಡುತ್ತೇನೆ. ಯುಜಿಡಿ ಬರುವ ಮೊದಲು ಪ್ರತಿ ಮನೆಗೂ ಹಿತ್ತಿಲಲ್ಲಿ ಶೌಚದ ಪಿಟ್ ಇತ್ತು. ಪೈಪು ಹಾಕಿದ್ದೇ ತಡ, ಕೊನೆಯವರೆಗೆ ಜೋಡಣೆ ಆಯಿತೋ ಇಲ್ಲವೋ ನೋಡದೆ ಜನ ಪಿಟ್ ಮುಚ್ಚಿ ಪೈಪಿಗೆ ಕನೆಕ್ಷನ್ ಕೊಟ್ಟುಕೊಂಡರು. ಕೆಲವರು ತಾರಸಿಯ ಮಳೆನೀರನ್ನೂ ಅದಕ್ಕೇ ಬಿಟ್ಟಿದ್ದಾರೆ. ಮಳೆನೀರಿಗೆ ಬೇರೆ ಚರಂಡಿ, ಕೊಳಚೆಗೆ ಬೇರೆ ಪೈಪು ಎನ್ನುವುದನ್ನು ನಮ್ಮ ಜನ ಇನ್ನೂ ಮನಸ್ಸಿಗೆ ಹಚ್ಚಿಕೊಂಡಿಲ್ಲ. ನಾನೇ ಮನೆಮನೆಗೆ ಹೋಗಿ ಹೇಳಿದ್ದೇನೆ, ಕೆಲವರು ಬಿಡಿಸಿಕೊಂಡಿದ್ದಾರೆ, ಕೆಲವರು ಬಾಗಿಲು ಹಾಕಿಕೊಂಡಿದ್ದಾರೆ. ಆದರೆ ಎಲ್ಲರೂ ಸರಿಯಾಗಿ ನಡೆದುಕೊಂಡರೂ ಬಾಯಿ ಕಟ್ಟಿದ ಪೈಪು ತುಂಬಿ ಹೊರಬರುವುದು ತಪ್ಪುವುದಿಲ್ಲ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕೆಂಬುದು ಅಳತೆ. ಅದರಲ್ಲಿ ನೂರಕ್ಕೆ 80 ಪಾಲು ಕೊಳಚೆಯಾಗಿ ಹೊರಬರುತ್ತದೆಂದು ಎಂಜಿನಿಯರುಗಳು ಹಿಡಿಯುತ್ತಾರೆ. ಐದು ಜನರ ಮನೆಯಿಂದ 540 ಲೀಟರ್. 200 ಮನೆ ಎಂದುಕೊಂಡರೂ ದಿನಕ್ಕೆ ಒಂದು ಲಕ್ಷ ಲೀಟರಿನ ಮೇಲಾಯಿತು. ಇಷ್ಟು ನೀರು ಒಂದು ಇಟ್ಟಿಗೆ ಗೋಡೆಗೆ ಬಂದು ತಗಲುತ್ತಿದೆ.

"ಬೇಲಿಯನ್ನು ಸುತ್ತಿಕೊಂಡು ಹೋಗಬಹುದಲ್ಲ?" ಎಂದು ನಿಮ್ಮ ಕಡೆಯ ಕಿರಿಯ ಅಧಿಕಾರಿಯೊಬ್ಬರು ಸಜ್ಜನಿಕೆಯಿಂದಲೇ ನನ್ನನ್ನು ಕೇಳಿದರು. ಈ ಪ್ರಶ್ನೆಗೆ ಸ್ವಲ್ಪ ಬಿಡಿಸಿ ಉತ್ತರ ಕೊಡಬೇಕು, ಏಕೆಂದರೆ ಎಲ್ಲವೂ ಇಲ್ಲೇ ಸಿಕ್ಕಿಕೊಂಡಿದೆ.

ಕುಡಿಯುವ ನೀರಿನ ಪೈಪನ್ನು ಹೇಗೆ ಬೇಕಾದರೂ ಒಯ್ಯಬಹುದು. ಒತ್ತಡದಿಂದ ಬರುವ ನೀರು ಏರನ್ನೂ ಹತ್ತುತ್ತದೆ, ಮೂಲೆಯನ್ನೂ ತಿರುಗುತ್ತದೆ. ಕೊಳಚೆಯ ಪೈಪು ಹಾಗಲ್ಲ. ಅದು ನಡೆಯುವುದು ಇಳಿಜಾರಿನಲ್ಲಿ. ಒಳಗಿನ ನೀರು ಸೆಕೆಂಡಿಗೆ 0.6 ಮೀಟರ್ ವೇಗದಲ್ಲಾದರೂ ಓಡಬೇಕು; ಅದಕ್ಕಿಂತ ನಿಧಾನವಾದರೆ ಮರಳು, ಜಿಡ್ಡು, ಮಲ ಎಲ್ಲ ತಳದಲ್ಲಿ ಕೂತು ಪೈಪು ಕಟ್ಟುತ್ತದೆ. ಹಾಗಾಗಿ ಊರಿನ ನೆಲ ಯಾವ ಕಡೆ ಬಾಗಿದೆಯೋ ಪೈಪೂ ಆ ಕಡೆಗೇ ಬಾಗಬೇಕು. ನಮ್ಮ ಬಡಾವಣೆ ಬಾಗಿರುವುದು ನಿಮ್ಮ ಜಾಗದ ಕಡೆ. ಎಡಕ್ಕೆ ಹೋದರೆ ದಿಣ್ಣೆ, ಬಲಕ್ಕೆ ಬಂಡೆ. ಸುತ್ತಿಕೊಂಡು ಹೋಗಬೇಕೆಂದರೆ ವೆಟ್‌ವೆಲ್ ಕಟ್ಟಿ, ಕೊಳಚೆಯನ್ನು ಅದರಲ್ಲಿ ತುಂಬಿಸಿ, ಪಂಪಿನಿಂದ ದಿಣ್ಣೆಗೆ ಎತ್ತಿ, ಆಚೆ ಇಳಿಸಬೇಕು. ಕಾಗದದ ಮೇಲೆ ಅದೂ ಒಂದು ದಾರಿಯೇ. ಆದರೆ ಗಾಳಿಮಳೆಗೆ ಒಂದು ಮರ ಲೈನಿನ ಮೇಲೆ ಬಿದ್ದರೆ ಇಲ್ಲಿ ಕರೆಂಟು ಬರುವುದು ಮಾರನೆಯ ದಿನ. ಜನರೇಟರಿಗೆ ಡೀಸೆಲ್ ಹಾಕುವವರು ಆ ಮಳೆಯಲ್ಲಿ ಬರಬೇಕು. ಬರಲಿಲ್ಲ ಎಂದರೆ ತುಂಬಿದ ವೆಟ್‌ವೆಲ್ ತಾನಾಗಿ ಉಕ್ಕಿ ಅದೇ ಹಳ್ಳಕ್ಕೆ, ಅದೇ ತುಂಗೆಗೆ ಇಳಿಯುತ್ತದೆ. ಪಂಪು ಬೇಕೇಬೇಕಾದ ಜಾಗಗಳು ಊರಿನಲ್ಲಿ ಬೇರೆ ಇವೆ. ನೆಲವೇ ಇಳಿಜಾರು ಕೊಟ್ಟಿರುವ ಕಡೆ, ಒಂದು ಬೇಲಿಗಾಗಿ, ವರ್ಷವಿಡೀ ವಿದ್ಯುತ್ತು ಸುಟ್ಟು ಕೊಳಚೆಯನ್ನು ಗುಡ್ಡ ಹತ್ತಿಸುವುದು ಸರಿಯೇ?

ನೀವು ಸೈನಿಕರು. ಸೈನಿಕನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ನೆನಪಿಸಿದರೆ ಸಾಕು ಎಂದು ನನ್ನ ನಂಬಿಕೆ. ರಂಗರೂಟನಾಗಿದ್ದಾಗ ನಮಗೆ ಬಂದೂಕು ಬಿಚ್ಚಿ ಜೋಡಿಸುವುದನ್ನು ಕಲಿಸಿದಷ್ಟೇ ಗಟ್ಟಿಯಾಗಿ ಕಲಿಸಿದ್ದು ಕ್ಯಾಂಪಿನ ಶುಚಿತ್ವ. ಹೊಳೆಯ ದಡದಲ್ಲಿ ಡೇರೆ ಹಾಕಿದರೆ ಮೊದಲ ಕೆಲಸ ಬಾವುಟ ನೆಡುವುದು. ಎಲ್ಲಕ್ಕಿಂತ ಮೇಲೆ ಕುಡಿಯುವ ನೀರಿನ ಜಾಗ, ಅದರ ಕೆಳಗೆ ಪ್ರಾಣಿಗಳಿಗೆ, ಅದರ ಕೆಳಗೆ ಸ್ನಾನ, ಬಟ್ಟೆ. ಪಾಯಿಖಾನೆ ಹೊಳೆಯಿಂದಲೂ ಲಂಗರಿನಿಂದಲೂ (ಅಡುಗೆಯ ಡೇರೆ) ದೂರ, ಗಾಳಿ ಬೀಸುವ ಕಡೆ ನೋಡಿ. ಹೊರಡುವ ದಿನ ಗುಂಡಿ ಮುಚ್ಚಿ, ಮುಚ್ಚಿದ ಜಾಗಕ್ಕೆ ಗುರುತು ಇಟ್ಟು ಹೊರಡಬೇಕು, ನಾಳೆ ಬರುವ ತುಕಡಿ ಅದರ ಮೇಲೆ ಒಲೆ ಹೂಡದಿರಲಿ ಎಂದು. ನಮ್ಮ ಸುಬೇದಾರ್ ಸಾಹೇಬರು ರಾತ್ರಿ ಟಾರ್ಚು ಹಿಡಿದು ಮೊದಲು ನೋಡುತ್ತಿದ್ದದ್ದು ಕಾವಲನ್ನಲ್ಲ, ಪಾಯಿಖಾನೆಯ ಗುಂಡಿಗೆ ಮಣ್ಣು ಹಾಕಿದ್ದಾರೆಯೇ ಎಂದು. ಶತ್ರು ಬರುವ ಮೊದಲು ಭೇದಿ ಬರುತ್ತದೆ ಎಂದು ಅವರು ಹೇಳುತ್ತಿದ್ದರು.

ಅವರು ಸುಮ್ಮನೆ ಹೇಳಿದ್ದಲ್ಲ. ಈ ದೇಶದಲ್ಲಿ ಊರಿನ ನೈರ್ಮಲ್ಯಕ್ಕೆ ಸರ್ಕಾರ ಕೈಹಾಕಿದ್ದರ ಹಿಂದೆ ಸೈನ್ಯದ ಸಾವುಗಳೇ ಇವೆ. 1857ರ ದಂಗೆಯ ನಂತರ, 1859ರಲ್ಲಿ ಬ್ರಿಟಿಷರು ಭಾರತದಲ್ಲಿದ್ದ ತಮ್ಮ ಸೈನ್ಯದ ಆರೋಗ್ಯದ ಬಗ್ಗೆ ಒಂದು ಆಯೋಗ ನೇಮಿಸಿದರು. 1863ರಲ್ಲಿ ವರದಿ ಬಂತು. ಬ್ರಿಟಿಷ್ ಸಿಪಾಯಿಗಳಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಜನ ಸಾಯುತ್ತಿದ್ದರು, ಬಹುಪಾಲು ಜ್ವರ, ಭೇದಿ, ಕಾಲರಾದಿಂದ. ಗುಂಡು ತಗಲಿ ಸತ್ತವರು ಅದರಲ್ಲಿ ಸಣ್ಣ ಪಾಲು. 1864ರಲ್ಲಿ ಪ್ರಾಂತಗಳಲ್ಲಿ ನೈರ್ಮಲ್ಯ ಆಯೋಗಗಳು ಹುಟ್ಟಿದ್ದು ಆ ವರದಿಯ ಬೆನ್ನಿಗೆ. ದಂಡಿನ ಪ್ರದೇಶವನ್ನು ಎಷ್ಟೇ ಗುಡಿಸಿ ಸಾರಿಸಿದರೂ ಪಕ್ಕದ ಪೇಟೆ ಕೊಳಕಾಗಿದ್ದರೆ ಸಿಪಾಯಿ ಬದುಕುವುದಿಲ್ಲ ಎನ್ನುವುದು ಆ ಕಾಲದವರಿಗೇ ಅರ್ಥವಾಗಿತ್ತು. ಅವರ ಕಾಳಜಿ ತಮ್ಮವರ ಮೇಲೆ ಮಾತ್ರ ಇತ್ತು. ಇವತ್ತು ಬೇಲಿಯ ಎರಡೂ ಕಡೆ ಇರುವವರು ನಿಮ್ಮವರೇ.

ಬೆಂಗಳೂರಿನ ಬೆಳ್ಳಂದೂರು ಕೆರೆಯ ನೆನಪು ನಿಮಗೆ ಇದ್ದೇ ಇರುತ್ತದೆ. 2018ರ ಜನವರಿಯಲ್ಲಿ ಆ ಕೆರೆಗೆ ಬೆಂಕಿ ಬಿದ್ದಾಗ ಆರಿಸಲು ಇಳಿದದ್ದು ಪಕ್ಕದಲ್ಲೇ ಇರುವ ಸೇನೆಯ ಜವಾನರು, ಸುಮಾರು 5,000 ಜನ. ಗಂಟೆಗಟ್ಟಲೆ ಹೊಗೆಯಲ್ಲಿ ನಿಂತು ಆರಿಸಿದರು. ದಶಕಗಳ ಕಾಲ ಊರಿನ ಕೊಳಚೆ ಸರಿಯಾದ ದಾರಿ ಸಿಗದೆ ಆ ಕೆರೆಗೆ ಬಂದು ಬಿದ್ದದ್ದರ ಫಲ ಅದು. ಕೊಳಚೆಗೆ ಸಕಾಲದಲ್ಲಿ ದಾರಿ ಮಾಡದಿದ್ದರೆ ಕೊನೆಗೆ ಅದು ಸೈನಿಕನ ಮೂಗಿಗೇ ಬಂದು ಮುಟ್ಟುತ್ತದೆ.

ನಿಮ್ಮ ಹಿಂಜರಿಕೆ ಎಲ್ಲಿಂದ ಬಂದದ್ದು ಎಂಬುದು ನನಗೆ ಗೊತ್ತಿದೆ. ಸೇನೆಯ ಭೂಮಿ ಸಾಮಾನ್ಯ ಸರ್ಕಾರಿ ಭೂಮಿಯಲ್ಲ. ದೇಶದಲ್ಲಿ ಅಂಥ ಭೂಮಿ 17.78 ಲಕ್ಷ ಎಕರೆ ಎಂದು 2022ರ ಜನವರಿಯಲ್ಲಿ ಮುಗಿದ ಸರ್ವೆ ಹೇಳಿತು. ಅದರಲ್ಲಿ ಕಂಟೋನ್ಮೆಂಟುಗಳ, ಅಂದರೆ ದಂಡು ಪ್ರದೇಶಗಳ, ಒಳಗಿರುವುದು 1.61 ಲಕ್ಷ ಎಕರೆ ಮಾತ್ರ. ಉಳಿದದ್ದೆಲ್ಲ ಹೀಗೆ ಹೊರಗೆ ಹರಡಿಕೊಂಡದ್ದು. ನಮ್ಮ ರಾಜ್ಯದಲ್ಲಿ ಕಂಟೋನ್ಮೆಂಟ್ ಎಂದು ಇರುವುದು ಬೆಳಗಾವಿ ಒಂದೇ. ಹೊರಗಿನ ತುಂಡು ಜಾಗಗಳ ಪಕ್ಕದಲ್ಲಿ ಊರು ಬೆಳೆದು, ಇವತ್ತು ಒಂದು ಗೂಡಂಗಡಿ, ನಾಳೆ ಒಂದು ಗುಡಿ, ನಾಡಿದ್ದು ಒಂದು ಸಾಲು ಮನೆ ಎಂದು ಎಷ್ಟೋ ಎಕರೆ ಕೈಬಿಟ್ಟಿವೆ. "ಹವಾಲ್ದಾರ್ ಸಾಬ್, ಇವತ್ತು ಪೈಪು ಅನ್ನುತ್ತಾರೆ, ಪೈಪಿನ ಮೇಲೆ ರಸ್ತೆ ಬರುತ್ತದೆ, ರಸ್ತೆಯ ಪಕ್ಕ ಸೈಟು ಬರುತ್ತದೆ" ಎಂದು ನನ್ನ ಹಳೆಯ ಜೊತೆಗಾರರೊಬ್ಬರು ಫೋನಿನಲ್ಲಿ ಹೇಳಿದರು. ಅವರ ಮಾತು ಸುಳ್ಳಲ್ಲ. ನಗರದ ಕಂಟ್ರಾಕ್ಟರುಗಳು ಅಗೆದ ರಸ್ತೆಯನ್ನು ಹೇಗೆ ಬಿಟ್ಟುಹೋಗುತ್ತಾರೆ ಎಂಬುದನ್ನು ನಾವು ದಿನಾ ನೋಡುತ್ತೇವೆ. ಅಂಥವರನ್ನು ಬೇಲಿಯ ಒಳಗೆ ಬಿಡಲು ಯಾವ ಕಮಾಂಡರ್ ತಾನೇ ಸುಲಭವಾಗಿ ಒಪ್ಪುತ್ತಾರೆ?

ಇನ್ನೊಂದು ತೊಡಕು ಕಾಗದದ್ದು. ಕಂಟೋನ್ಮೆಂಟಿನ ಹೊರಗಿನ ಸೇನೆಯ ಜಾಗಗಳಿಗೆ ನಿಮ್ಮಲ್ಲಿ ಬೇರೆಯೇ ಒಂದು ರಿಜಿಸ್ಟರ್ ಇರುತ್ತದೆ. ನಮ್ಮಲ್ಲಿ ಪಹಣಿ. ಈ ತುಂಡಿಗೆ ಪಹಣಿಯ 9ನೇ ಕಾಲಮಿನಲ್ಲಿ ಒಂದು ಬರೆದಿದೆ, ನಿಮ್ಮ ರಿಜಿಸ್ಟರಿನ ಅಳತೆ ಇನ್ನೊಂದು ಹೇಳುತ್ತದೆಯಂತೆ. ಹದ್ದಿನ ಎರಡು ಕಲ್ಲು ಸಿಕ್ಕಿವೆ, ಉಳಿದವು ಲಂಟಾನದ ಅಡಿಯಲ್ಲೆಲ್ಲೋ ಇವೆ. ಊರಿನ ಕಚೇರಿ ನಿಮಗೆ ಬರೆಯಿತು. ನೀವು ಜಂಟಿ ಸರ್ವೆ ಆಗಲಿ ಎಂದಿರಿ. ಸರ್ವೆಗೆ ದಿನ ಗೊತ್ತಾಯಿತು, ಆ ದಿನ ಒಂದು ಕಡೆಯವರು ಬರಲಿಲ್ಲ. ಮತ್ತೆ ದಿನ ಗೊತ್ತಾಯಿತು, ಇನ್ನೊಂದು ಕಡೆಯ ಅಧಿಕಾರಿಗೆ ವರ್ಗ ಆಯಿತು. ಕಡತ ಇಲ್ಲಿಂದ ಬೆಂಗಳೂರಿಗೆ, ಅಲ್ಲಿಂದ ಇನ್ನೂ ಮೇಲಕ್ಕೆ ಹೋಗಿದೆ ಎಂದು ಹೇಳುತ್ತಾರೆ. ನಾನು ಯಾರನ್ನೂ ದೂರುತ್ತಿಲ್ಲ. ಎರಡೂ ಕಡೆಯವರು ತಂತಮ್ಮ ನಿಯಮದ ಪ್ರಕಾರವೇ ನಡೆದಿದ್ದಾರೆ. ಆದರೆ ಈ ನಡುವೆ ಎರಡು ಮಳೆಗಾಲ ಕಳೆದವು.

ಈಗ ನಾನು ಕೇಳುವುದನ್ನು ನೇರವಾಗಿ ಕೇಳುತ್ತೇನೆ. ನಮಗೆ ಜಾಗ ಬೇಡ. ಒಂದು ಗುಂಟೆಯೂ ಬೇಡ. ಖಾತೆ ನಿಮ್ಮ ಹೆಸರಲ್ಲೇ ಇರಲಿ, ಬೇಲಿ ಈಗಿರುವ ಕಡೆಯೇ ಇರಲಿ, ಬೋರ್ಡಿಗೆ ಹೊಸ ಬಣ್ಣ ಹೊಡೆಸಿ ಇನ್ನೂ ದೊಡ್ಡದಾಗಿ ಬರೆಸಿ. ನೆಲದ ಅಡಿಯಲ್ಲಿ ಒಂದು ಪೈಪು ಹಾದುಹೋಗಲು ಅನುಮತಿ ಕೊಡಿ. ಇದು ಲೈಸೆನ್ಸು ಮಾತ್ರ, ಹಕ್ಕಲ್ಲ ಎಂದು ಕರಾರಿನಲ್ಲಿ ಬರೆಸಿಕೊಳ್ಳಿ. ಪೈಪಿನ ಮೇಲೆ ರಸ್ತೆ ಮಾಡಕೂಡದು, ದೀಪದ ಕಂಬ ನೆಡಕೂಡದು, ನಾಳೆ ನಿಮಗೆ ಅಲ್ಲೇ ಕಟ್ಟಡ ಬೇಕಾದರೆ ಊರಿನ ಖರ್ಚಿನಲ್ಲೇ ಪೈಪನ್ನು ಸರಿಸಬೇಕು ಎಂದೂ ಬರೆಸಿಕೊಳ್ಳಿ. ಒಳಗೆ ಬರುವ ಛೇಂಬರುಗಳ ಮುಚ್ಚಳಕ್ಕೆ ಬೀಗ ಇರಲಿ, ಬೀಗದ ಕೈ ನಿಮ್ಮ ಬಳಿ ಇರಲಿ. ಪೈಪು ಕಟ್ಟಿದರೆ ಜೆಟ್ಟಿಂಗ್ ಯಂತ್ರ ನಿಮ್ಮವರೊಬ್ಬರು ಜೊತೆಗಿದ್ದಾಗ ಮಾತ್ರ ಒಳಗೆ ಬರಲಿ. ಅಗೆಯುವುದು ಮಳೆ ನಿಂತ ಮೇಲೆ, ಜನವರಿಯಿಂದ ಏಪ್ರಿಲ್ ಒಳಗೆ. ಮೇಲೆ ಅಗೆಯುವುದೇ ಬೇಡ ಎಂದಾದರೆ ಎರಡು ತುದಿಯಲ್ಲಿ ಗುಂಡಿ ತೋಡಿ ಒಳಗಿಂದಲೇ ಪೈಪನ್ನು ತಳ್ಳಿಕೊಂಡು ಹೋಗುವ ಯಂತ್ರಗಳು ಇವೆ. ಖರ್ಚು ಹೆಚ್ಚು, ಆದರೆ ವರ್ಷವಿಡೀ ಪಂಪು ಓಡಿಸುವ ಖರ್ಚಿನ ಪಕ್ಕ ಇಟ್ಟು ನೋಡಲಿ.

ಇದು ಹೊಸ ಸಂಪ್ರದಾಯವೇನಲ್ಲ. ದಿನಕ್ಕೆ ಇಷ್ಟು ರೈಲು ಓಡುವ ಹಳಿಯ ಅಡಿಯಲ್ಲೇ ಊರಿನ ಪೈಪುಗಳು ಹಾದುಹೋಗುತ್ತವೆ. ರೈಲ್ವೆಯವರು ಹೊರಗೊಂದು ಗಟ್ಟಿ ಕವಚದ ಕೊಳವೆ ಹಾಕಿಸಿ, ಶುಲ್ಕ ಕಟ್ಟಿಸಿಕೊಂಡು ಅನುಮತಿ ಕೊಡುತ್ತಾರೆ. ಹಳಿ ರೈಲ್ವೆಯದ್ದೇ ಆಗಿ ಉಳಿಯುತ್ತದೆ. ನಿಮ್ಮ ಇಲಾಖೆಯೂ ರಸ್ತೆಯ ವಿಷಯದಲ್ಲಿ ಮನಸ್ಸು ಮಾಡಿದೆ. 2018ರಲ್ಲಿ ಬೆಂಗಳೂರಿನ ರಸ್ತೆಗಳಿಗಾಗಿ 45 ಸಾವಿರ ಚದರ ಮೀಟರಿನಷ್ಟು ಜಾಗ ಬಿಟ್ಟುಕೊಡಲು ಒಪ್ಪಿತ್ತು. 2021ರಲ್ಲಿ, ಜಾಗಕ್ಕೆ ಬದಲಾಗಿ ಅಷ್ಟೇ ಬೆಲೆಯ ಕಟ್ಟಡ, ಸೌಲಭ್ಯ ಪಡೆಯುವ ನಿಯಮ ಬಂದದ್ದೂ ಮೆಟ್ರೊ, ಮೇಲ್ಸೇತುವೆಯಂಥ ಕೆಲಸಗಳಿಗೆ ದಾರಿ ಆಗಲಿ ಎಂದೇ. ಮೇಲ್ಸೇತುವೆ ಎಲ್ಲರ ಕಣ್ಣಿಗೂ ಕಾಣುತ್ತದೆ, ಅದನ್ನು ಕೇಳುವವರು ದೊಡ್ಡವರು. ಕೊಳಚೆಯ ಪೈಪು ಮಣ್ಣಿನಡಿ ಹೋಗುತ್ತದೆ. ಅದನ್ನು ಕೇಳುವವರು ನಮ್ಮ ಅಜ್ಜಿಯಂಥವರು.

ನಮ್ಮ ಶಿವಮೊಗ್ಗದಲ್ಲಿ ಸವಾರ್‌ಲೈನ್ ರಸ್ತೆ ಎಂದು ಒಂದಿದೆ. ಸವಾರರು ಎಂದರೆ ಕುದುರೆ ದಂಡಿನವರು, ಲೈನ್ ಎಂದರೆ ಅವರ ಸಾಲುಮನೆ. ಹೆಸರಲ್ಲೇ ಒಂದು ಕಾಲದ ದಂಡು ಕಾಣುತ್ತದೆ. ಇವತ್ತು ಅಲ್ಲಿ ಅಂಗಡಿಗಳಿವೆ, ಜನ ಓಡಾಡುತ್ತಾರೆ. ಊರ ನಡುವಿದ್ದ ಹಳೆಯ ಜೈಲು ಸೋಗಾನೆಗೆ ಹೋದಮೇಲೆ ಅದರ ವಿಶಾಲ ಆವರಣ ಸಭೆ, ಜಾತ್ರೆ, ಬೆಳಗಿನ ನಡಿಗೆಗೆ ಒದಗಿದೆ. ನಮ್ಮ ಮಲೆನಾಡಿನ ಹಳೆಯ ಅರಸರೂ ಸೈನ್ಯದ ಕೋಟೆ ಕಟ್ಟುವಾಗ ನೀರನ್ನು ಮರೆತವರಲ್ಲ. ಕವಲೆದುರ್ಗ ಹತ್ತಿದವರು ನೋಡಿರುತ್ತಾರೆ, ಆ ಎತ್ತರದಲ್ಲೂ ಕೊಳಗಳನ್ನು ತೋಡಿದ್ದಾರೆ. ಮಳೆಯ ಸೀಮೆಯಲ್ಲಿ ನೀರು ಬರುವ ದಾರಿ, ಹೋಗುವ ದಾರಿ ಎರಡನ್ನೂ ನೋಡದೆ ಕಟ್ಟಿದ ಗೋಡೆ ನಿಲ್ಲುವುದಿಲ್ಲ.

ನೆಲ ಕೊಡುವುದರ ಕಷ್ಟ ಈ ಸೀಮೆಗೆ ಗೊತ್ತಿಲ್ಲದ್ದಲ್ಲ. ನಾಡಿಗೆಲ್ಲ ಬೆಳಕು ಬರಲೆಂದು ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಹಳ್ಳಿಗೆ ಹಳ್ಳಿಗಳೇ ಗದ್ದೆ, ತೋಟ, ದೇವಸ್ಥಾನ ಬಿಟ್ಟು ಎದ್ದು ಬಂದವು. ಆ ಕುಟುಂಬಗಳಲ್ಲಿ ಎಷ್ಟೋ ಜನಕ್ಕೆ ಕೂತ ನೆಲದ ಹಕ್ಕುಪತ್ರ ಇಂದಿಗೂ ಸರಿಯಾಗಿ ಸಿಕ್ಕಿಲ್ಲ. ನಮ್ಮ ಬೀದಿಯಲ್ಲೇ ಅಂಥ ಮನೆಯವರು ಇಬ್ಬರಿದ್ದಾರೆ. ದೇಶ ಕೇಳಿದಾಗ ಗದ್ದೆಯನ್ನೇ ಕೊಟ್ಟವರ ಮಕ್ಕಳು ಈಗ ದೇಶವನ್ನು ಕೇಳುತ್ತಿರುವುದು ಮಣ್ಣಿನಡಿ ಒಂದು ಮೊಳ ಅಗಲದ ದಾರಿ.

ತುಂಗೆಯ ವಿಷಯ ಬರೆಯದೆ ಶಿವಮೊಗ್ಗದವನ ಪತ್ರ ಮುಗಿಯುವುದಿಲ್ಲ. ಗಂಗಾ ಸ್ನಾನ, ತುಂಗಾ ಪಾನ ಎಂದು ನಮ್ಮ ಹಿರಿಯರು ಹೇಳಿದ್ದು ಈ ನೀರಿನ ರುಚಿ ನೋಡಿಯೇ. ಗಂಗಾಮೂಲದಲ್ಲಿ ಹುಟ್ಟಿ, ಶೃಂಗೇರಿ, ತೀರ್ಥಹಳ್ಳಿ ದಾಟಿ, ಗಾಜನೂರಿನಲ್ಲಿ ನಿಂತು ಬರುವ ಹೊಳೆ ನಮ್ಮ ಊರನ್ನು ಹಾದು ಕೂಡ್ಲಿಯಲ್ಲಿ ಭದ್ರೆಯನ್ನು ಸೇರುತ್ತದೆ. ಅಲ್ಲಿಂದ ಕೆಳಗೆ ಹೊನ್ನಾಳಿ, ಹರಿಹರದವರು ಕುಡಿಯುವುದು ಇದೇ ನೀರು. ನಾವು ಮೇಲಿನ ಬಾವುಟದ ಜಾಗದಲ್ಲಿ ಇರುವವರು, ಅವರು ಕೆಳಗಿನವರು. ಮೇಲಿನವನು ನೀರು ಕೆಡಿಸಿದರೆ ಕ್ಯಾಂಪಿನಲ್ಲಿ ಶಿಕ್ಷೆ ಇತ್ತು. 2024ರ ನವೆಂಬರಿನಲ್ಲಿ ತುಂಗಭದ್ರೆ ನಿರ್ಮಲವಾಗಲಿ ಎಂದು ಶೃಂಗೇರಿಯಿಂದ ಪಾದಯಾತ್ರೆ ಹೊರಟಿತು. ನಮ್ಮ ಊರಿಗೆ ಬಂದಾಗ ನಾನೂ ಸ್ವಲ್ಪ ದೂರ ಜೊತೆಗೆ ನಡೆದೆ. ಹೊಳೆಯ ದಡದಲ್ಲಿ ನಿಂತು ಪ್ರತಿಜ್ಞೆ ಮಾಡುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಬೇಲಿಯ ಬುಡದ ಆ ಛೇಂಬರ್. ಆ ಇಟ್ಟಿಗೆ ಬಿಚ್ಚುವವರೆಗೆ ನನ್ನ ಪ್ರತಿಜ್ಞೆಗೆ ಏನು ಬೆಲೆ ಎಂದು ಅನ್ನಿಸಿ ಗಂಟಲು ಕಟ್ಟಿತು.

ಒಂದು ವಿಷಯ ಬಿಟ್ಟುಹೋಗುತ್ತಿತ್ತು, ಅದನ್ನು ಬಿಡುವ ಹಾಗಿಲ್ಲ. ಛೇಂಬರ್ ಉಕ್ಕಿದಾಗ ಫೋನ್ ಮಾಡಿದರೆ ಸಕ್ಕಿಂಗ್ ಗಾಡಿ ಬರುತ್ತದೆ, ಹೀರಿಕೊಂಡು ಹೋಗುತ್ತದೆ, ಎರಡು ದಿನಕ್ಕೆ ಮತ್ತೆ ತುಂಬುತ್ತದೆ. ಒಂದು ಸಲ ಗಾಡಿಯ ಪೈಪು ತಳಕ್ಕೆ ಮುಟ್ಟದೆ ಏನೋ ಸಿಕ್ಕಿಕೊಂಡಿತು. ಗಾಡಿಯ ಜೊತೆ ಬಂದಿದ್ದ ಹುಡುಗ, ವಯಸ್ಸು ಇಪ್ಪತ್ತೈದು ಇರಬಹುದು, ಅಂಗಿ ಬಿಚ್ಚಿ ಒಳಗೆ ಕಾಲು ಇಳಿಬಿಟ್ಟ. ನಾನು ಕೂಗಿಕೊಂಡು ಓಡಿಹೋಗಿ ತೋಳು ಹಿಡಿದು ಎಳೆದೆ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಮ್ಯಾನ್‌ಹೋಲಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಹಾಗೆ ಇಳಿದು ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಕೊಡಬೇಕೆಂದು 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. "ಇಲ್ಲಾಂದ್ರೆ ಮತ್ತೆ ನಾಳೆ ಬರ್ಬೇಕಲ್ಲ ಸಾರ್" ಎಂದ ಆ ಹುಡುಗ. ಒಳಗಿನ ಗಾಳಿ ಏನು ಮಾಡುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಸೇನೆಯಲ್ಲಿದ್ದಾಗ ಹಳೆಯ ಬಾವಿಗೆ ಇಳಿದ ಇಬ್ಬರು ಮೇಲೆ ಬಾರದೆ ಇದ್ದದ್ದನ್ನು ನೋಡಿದವನು ನಾನು. ಓಡುವ ಪೈಪು ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ನಿಂತ ಪೈಪಿಗೆ ಯಾರದೋ ಮನೆಯ ಮಗ ಇಳಿಯಬೇಕಾಗುತ್ತದೆ.

ಊರಿನ ಆಡಳಿತದವರಿಗೂ ಇಲ್ಲೇ ಒಂದು ಮಾತು. ನೀವು ಸೇನೆಯ ಕಡೆ ಬೊಟ್ಟು ಮಾಡಿ ಕೂತರೆ ಆಗುವುದಿಲ್ಲ. ಮುಂದಿನ ಜಾಗದ ಅನುಮತಿ ಸಿಗುವ ಮೊದಲೇ ಹಿಂದಿನ ಪೈಪು ಹಾಕಿಸಿದ್ದು ಯಾರು ಎಂದು ಅವರು ಕೇಳಿದರೆ ನಿಮ್ಮಲ್ಲಿ ಉತ್ತರ ಇಲ್ಲ. ಕೆಲಸ ಮುಗಿದಮೇಲೆ ನೆಲವನ್ನು ಮೊದಲಿದ್ದ ಹಾಗೆ ಮಾಡಿಕೊಡುತ್ತೇವೆ ಎಂದು ಠೇವಣಿ ಇಟ್ಟು ತೋರಿಸಿ. ಕಡಿಯಬೇಕಾದ ಒಂದು ಹೊಂಗೆ ಮರಕ್ಕೆ ಹತ್ತು ನೆಟ್ಟು ಕೊಡಿ. ಸರ್ವೆಯ ದಿನ ನಿಮ್ಮವರು ಬೆಳಿಗ್ಗೆ ಒಂಬತ್ತಕ್ಕೇ ಅಲ್ಲಿರಲಿ. ಸೈನ್ಯದವರು ಒಂಬತ್ತು ಎಂದರೆ ಎಂಟೂ ಮುಕ್ಕಾಲಿಗೆ ಬರುತ್ತಾರೆ.

ಮಾನ್ಯರೇ, ನನ್ನ ಕೋರಿಕೆಗೆ ಒಂದು ದಿನಾಂಕ ಬೇಕು. ಪರಿಶೀಲನೆಯಲ್ಲಿದೆ ಎಂಬ ಉತ್ತರದಲ್ಲಿ ದಿನಾಂಕ ಇರುವುದಿಲ್ಲ. ಮೃಗಶಿರಾ ಹಿಡಿಯುವ ಮೊದಲು ಒಬ್ಬರು ಅಧಿಕಾರಿಯನ್ನು, ನಿರ್ಧಾರ ಹೇಳುವ ಅಧಿಕಾರ ಇರುವವರನ್ನು, ಇಲ್ಲಿಗೆ ಕಳಿಸಿ. ನಿಮ್ಮ ರಿಜಿಸ್ಟರಿನ ನಕ್ಷೆ ಅವರು ತರಲಿ. ಪಹಣಿ, ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣದ ದಾಖಲೆ), ಗ್ರಾಮನಕ್ಷೆಯ ಪ್ರತಿಗಳನ್ನು ನಾನು ಆಗಲೇ ತೆಗೆಸಿ ಇಟ್ಟಿದ್ದೇನೆ. ಲಂಟಾನ ಸವರಿ ಹದ್ದಿನ ಕಲ್ಲು ಹುಡುಕಲು ಬೀದಿಯ ಎಂಟು ಜನ ಕತ್ತಿ, ಗುದ್ದಲಿ ಹಿಡಿದು ಬರುತ್ತೇವೆ ಎಂದಿದ್ದಾರೆ. ನೀವು ಗೇಟು ತೆರೆದರೆ ಮಾತ್ರ ಒಳಗೆ ಕಾಲಿಡುತ್ತೇವೆ. ಮೂವತ್ತು ಮೀಟರಿನ ಅಳತೆ ಟೇಪು ನನ್ನ ಬಳಿ ಇದೆ. ಮಧ್ಯಾಹ್ನದ ಊಟ ಎದುರು ಮನೆಯ ಅಜ್ಜಿ ಹಾಕುತ್ತಾರೆ. ಕುಡಿಯುವ ನೀರನ್ನು ಮಾತ್ರ ನಮ್ಮ ಮನೆಯಿಂದ ಒಯ್ಯುತ್ತೇವೆ.

ತಮ್ಮ ವಿಧೇಯ,
ನಿವೃತ್ತ ಹವಾಲ್ದಾರ್
ಶಿವಮೊಗ್ಗ